ಹಳೆಯ ದೊಡ್ಡ ಗಾಡಿ ಕೊಳ್ಳುವ ಮುನ್ನ

ಅಡಿಕೆಗೆ ನಾಲ್ಕು ಕಾಸು ಹೆಚ್ಚು ಬಂದ ವರ್ಷ ನಮ್ಮ ಕಡೆಯ ಅಂಗಳಗಳಲ್ಲಿ ಒಂದೊಂದು ದೊಡ್ಡ ಗಾಡಿ ಬಂದು ನಿಲ್ಲುವುದು ಈಗ ವಾಡಿಕೆಯಾಗಿದೆ. ಹೊಸತಲ್ಲ, ಹೊಸತಕ್ಕೆ ಮೂವತ್ತು ನಲವತ್ತು ಲಕ್ಷ ಯಾರಲ್ಲಿದೆ? ಏಳೆಂಟು ವರ್ಷ ಓಡಿದ, ಏಳು ಮಂದಿ ಕೂರುವ ಎಸ್‌ಯುವಿಗಳು. ಮದುವೆ ಮುಂಜಿಗೆ, ಆಸ್ಪತ್ರೆಗೆ, ಮಳೆಗಾಲದ ಕೆಸರಿನಲ್ಲಿ ಮನೆ ಸೇರುವುದಕ್ಕೆ ಇಂಥದೊಂದು ಇರಲಿ ಎಂಬ ಆಸೆ ತಪ್ಪೆಂದು ನಾನು ಹೇಳಲಾರೆ. ಆದರೆ ನಾವು ಅದನ್ನು ಆರಿಸುವ ಕ್ರಮದ ಬಗ್ಗೆ ಎರಡು ಮಾತು ಹೇಳಲೇಬೇಕಾಗಿದೆ. ನಾನು ವಾಹನ ತಜ್ಞನಲ್ಲ, ಶಾಲಾ ಮಾಸ್ತರ. ಹೇಳುವ ಧೈರ್ಯ ಬಂದಿರುವುದು ಮನೆಯವರಿಗೆ ಬಿದ್ದ ಪೆಟ್ಟಿನಿಂದ.

ಮೂರು ವರ್ಷಗಳ ಹಿಂದೆ ನನ್ನ ಭಾವ ಹನ್ನೊಂದು ಲಕ್ಷ ಕೊಟ್ಟು ಅಂಥ ಗಾಡಿಯೊಂದನ್ನು ತಂದರು. ಮೀಟರಿನಲ್ಲಿ 72 ಸಾವಿರ ಕಿಲೋಮೀಟರು. ಹೊಳೆಯುವ ಬಣ್ಣ, ಹೊಸ ಸೀಟು ಕವರು, ನಾಲ್ಕೂ ಹೊಸ ಟಯರು. ಆಟಿ ತಿಂಗಳ ಮಳೆಯಲ್ಲಿ, ಏರುದಾರಿಯ ನಡುವೆ, ಅದರ ಆಟೋಮೆಟಿಕ್ ಗೇರ್‌ಬಾಕ್ಸು ಕೈಕೊಟ್ಟಿತು. ರಿಪೇರಿಗೆ ಎರಡೂವರೆ ಲಕ್ಷ ಎಂದರು. ಆ ಮೇಲೆ ಕಂಪೆನಿಯ ಸರ್ವಿಸ್ ಕೇಂದ್ರದಲ್ಲಿ ಹಳೆಯ ದಾಖಲೆ ತೆಗೆಸಿದಾಗ, ನಾಲ್ಕು ವರ್ಷ ಮೊದಲೇ ಅದೇ ಗಾಡಿ 1,38,000 ಕಿ.ಮೀ. ಓಡಿತ್ತೆಂದು ತಿಳಿಯಿತು. ಆ ದಾಖಲೆ ಕೊಳ್ಳುವ ಮೊದಲೂ ಅಲ್ಲೇ ಇತ್ತು. ಕೇಳಿದವರಿರಲಿಲ್ಲ.

ಎರಡೂವರೆ ಲಕ್ಷ ಏಕೆ ಎಂದು ಭಾವ ಅಂದು ಬೊಬ್ಬಿಟ್ಟರು. ಲೆಕ್ಕ ಸರಳ. ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಮೂವತ್ತು ಲಕ್ಷದ ಗಾಡಿಯನ್ನು ಹನ್ನೊಂದು ಲಕ್ಷಕ್ಕೆ ಕೊಂಡರೂ ಅದರೊಳಗಿನ ಗೇರ್‌ಬಾಕ್ಸು, ಟರ್ಬೊ, ಇಂಜೆಕ್ಟರುಗಳೆಲ್ಲ ಮೂವತ್ತು ಲಕ್ಷದ ಗಾಡಿಯವೇ. ಸಣ್ಣ ಕಾರಿನಲ್ಲಿ ಮೋಸಹೋದರೆ ಒಂದು ತಿಂಗಳ ಸಂಬಳ ಹೋದೀತು. ಇದರಲ್ಲಿ ಒಂದು ವರ್ಷದ ಫಸಲೇ ಹೋಗುತ್ತದೆ.

ನಮ್ಮವರು ಹೆಸರನ್ನು ನಂಬುತ್ತಾರೆ. 2009ರಲ್ಲಿ ಭಾರತಕ್ಕೆ ಬಂದ ಫಾರ್ಚೂನರ್ ಗಟ್ಟಿ ಗಾಡಿಯೆಂದು ಹೆಸರು ಗಳಿಸಿದೆ, ಅಲ್ಲಗಳೆಯುವುದಿಲ್ಲ. ಆದರೆ ಮಾದರಿ ಗಟ್ಟಿಯೆಂಬುದು ಒಂದು ಮಾತು, ನಮ್ಮೆದುರು ನಿಂತಿರುವ ಗಾಡಿ ಗಟ್ಟಿಯೆಂಬುದು ಇನ್ನೊಂದು. ಹೆಸರಿನ ಬಲದಿಂದ ಆರೈಕೆಯಿಲ್ಲದ ಗಾಡಿಯೂ ಆರೈಕೆಯಾದುದರ ಬೆಲೆಗೇ ಮಾರಾಟವಾಗುತ್ತದೆ. ಕ್ವಾಲಿಸ್ ತಯಾರಿಕೆ 2005ರಲ್ಲೇ ನಿಂತಿತು. ಆದರೂ ಅಲ್ಲೊಂದು ಇಲ್ಲೊಂದು ಇಂದಿಗೂ ಓಡುತ್ತಿದ್ದರೆ ಅದು ಕಂಪೆನಿಯ ಪುಣ್ಯ ಮಾತ್ರವಲ್ಲ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಯಜಮಾನನ ಪುಣ್ಯವೂ ಹೌದು. ಎಂಡೀವರ್ ಮೇಲೆ ಕಣ್ಣಿಟ್ಟವರು ಇನ್ನೊಂದನ್ನು ನೆನಪಿಡಬೇಕು. ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರಲ್ಲಿ ಸಾರಿತು. ಸರ್ವಿಸು, ಬಿಡಿಭಾಗ ಒದಗಿಸುತ್ತೇವೆಂದೂ ಹೇಳಿತು. ಗಾಡಿ ಕೆಟ್ಟದ್ದಲ್ಲ, ಆದರೆ ಇಂಥ ಭಾಗಕ್ಕೆ ಎಷ್ಟು ದಿನ ಕಾಯಬೇಕಾದೀತು ಎಂದು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ವಿಚಾರಿಸಿ ಬಂದು ಆಮೇಲೆ ಮುಂಗಡ ಕೊಡಬೇಕು.

ಶಾಲೆಯಲ್ಲಿ ಹುಡುಗನೊಬ್ಬನನ್ನು ತಿಳಿಯಬೇಕಾದರೆ ವಾರ್ಷಿಕೋತ್ಸವದ ದಿನದ ಇಸ್ತ್ರಿ ಅಂಗಿಯನ್ನು ನೋಡಿದರೆ ಸಾಲದು, ಹಾಜರಿ ಪುಸ್ತಕ ತೆಗೆಯಬೇಕು. ಗಾಡಿಯ ಹಾಜರಿ ಪುಸ್ತಕವೆಂದರೆ ಸರ್ವಿಸ್ ದಾಖಲೆ. ಮಾರುವವನ ಒಪ್ಪಿಗೆ ಪಡೆದು ಅದನ್ನು ತೆಗೆಸಿರಿ. ಒಪ್ಪದಿದ್ದರೆ ಅದೇ ಉತ್ತರ. ವಿಮೆಯ ಕಾಗದದಲ್ಲಿ 'ನೋ ಕ್ಲೈಮ್ ಬೋನಸ್' ಸೊನ್ನೆಯಿದ್ದರೆ ಹಿಂದಿನ ವರ್ಷ ಏನಾಗಿತ್ತೆಂದು ಕೇಳಿರಿ. ಟಯರಿನ ಬದಿಯ ಕೊನೆಯ ನಾಲ್ಕು ಅಂಕೆಗಳು ತಯಾರಾದ ವಾರ ಮತ್ತು ವರ್ಷ: 3519 ಎಂದರೆ 2019ರ 35ನೇ ವಾರ. ಮೀಟರು ಕಡಿಮೆ ತೋರಿಸುತ್ತಿದ್ದು ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ನಾನು ಪೆಡಲನ್ನೇ ನಂಬುತ್ತೇನೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಮುಖ್ಯವಾದುದು ಗಾಡಿಯ ಹೊಟ್ಟೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಮೇಲೆ ಕಡಲ ಉಪ್ಪುಗಾಳಿ. ಈ ಗಾಡಿಗಳಲ್ಲಿ ಹೆಚ್ಚಿನವು ಏಣಿಯಂಥ ಉಕ್ಕಿನ ಚಾಸಿಯ ಮೇಲೆ ನಿಂತವು. ಆ ಚಾಸಿಯಲ್ಲಿ ಪದರು ಪದರಾಗಿ ಏಳುವ ತುಕ್ಕು, ಕಂಪೆನಿಯದಲ್ಲದ ವೆಲ್ಡಿಂಗು, ಹೊಸದಾಗಿ ಬಳಿದ ದಪ್ಪ ಕಪ್ಪು ಬಣ್ಣ, ಈ ಮೂರರಲ್ಲಿ ಒಂದು ಕಂಡರೂ ಮನೆಗೆ ಹಿಂದಿರುಗುವುದು ಲೇಸು. 2015ರಲ್ಲಿ ಚೆನ್ನೈಯಲ್ಲಿ, 2018ರಲ್ಲಿ ನಮ್ಮ ಕೇರಳದಲ್ಲೇ ಎಷ್ಟೋ ವಾಹನಗಳು ನೆರೆಯಲ್ಲಿ ಮುಳುಗಿದವು. ಅಂಥದನ್ನು ತೊಳೆದು ಒಣಗಿಸಿದರೂ ಸೀಟು ಬೆಲ್ಟನ್ನು ಪೂರ್ತಿ ಎಳೆದರೆ ಅದರ ತುದಿಯಲ್ಲಿ ಕೆಸರಿನ ಕಲೆ ಉಳಿದಿರುವುದುಂಟು. ಸೀಟಿನಡಿಯ ಬೋಲ್ಟುಗಳ ತುಕ್ಕು, ಕಾರ್ಪೆಟ್ಟಿನ ಕೆಳಗಿನ ಕಮಟು ವಾಸನೆ ಸುಲಭದಲ್ಲಿ ಹೋಗುವುದಿಲ್ಲ.

ಎಂಜಿನನ್ನು ಬೆಳಿಗ್ಗೆ, ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಬೇಕು. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಆಗಲೇ ಬಿಸಿಯಿದ್ದರೆ ನಿಮಗಿಂತ ಮೊದಲು ಯಾರೋ ಅದನ್ನು ಎಬ್ಬಿಸಿ ಸಿದ್ಧಮಾಡಿದ್ದಾರೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವುದರ ಗುರುತು. ಟೈಮಿಂಗ್ ಬೆಲ್ಟಿನ ಎಂಜಿನಾದರೆ ಬೆಲ್ಟು ಬದಲಿಸಿದ ರಶೀದಿ ಕೇಳಬೇಕು. ಓಡುವಾಗ ಅದು ತುಂಡಾದರೆ ಎಂಜಿನೇ ಹಾಳಾಗುವ ಸಂಭವವಿದೆ. 2020ರ ಬಳಿಕದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರಿದ್ದು, ಬರೇ ಪೇಟೆಯೊಳಗೆ ಓಡಿದರೆ ಅದು ಕಟ್ಟಿಕೊಳ್ಳುತ್ತದೆ. ಪರೀಕ್ಷೆಗೆ ಹೆದ್ದಾರಿ ಸಾಲದು. ಪಾಣತ್ತೂರಿನಿಂದ ಕರಿಕೆಯಾಗಿ ಭಾಗಮಂಡಲಕ್ಕೆ ಏರುವಂಥ ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಗೇರ್‌ಬಾಕ್ಸಿನ ನಿಜ ಗುಣ ಹೊರಬೀಳುತ್ತದೆ.

ತಲಪಾಡಿಯಾಚೆಯ ಗಾಡಿ ಅಗ್ಗವೆಂದು ಹೋಗುವವರು ಎನ್‌ಓಸಿ, ಕೇರಳದ ತೆರಿಗೆ, ಮರುನೋಂದಣಿ ಎಲ್ಲವನ್ನೂ ಬೆಲೆಗೆ ಕೂಡಿಸಿ ಲೆಕ್ಕ ಹಾಕಬೇಕು. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ದೆಹಲಿಯಲ್ಲಿ 2015ರಲ್ಲಿ ಹಸಿರು ನ್ಯಾಯಮಂಡಳಿ ವಿಧಿಸಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟು ಜಾರಿಗೊಳಿಸಿದ ಮೇಲೆ ಅಲ್ಲಿಯ ದೊಡ್ಡ ಗಾಡಿಗಳೂ ದಕ್ಷಿಣಕ್ಕೆ ಹರಿದು ಬಂದವು. ಉಪ್ಪುಗಾಳಿ ಕಾಣದ ಚಾಸಿ ಅವುಗಳದ್ದು, ಅದು ಒಳ್ಳೆಯದೇ. ಆದರೆ ನೋಂದಣಿಯ ಹದಿನೈದು ವರ್ಷಕ್ಕೆ ಇನ್ನೆಷ್ಟು ಉಳಿದಿದೆ ಎಂದು ಎಣಿಸಬೇಕು.

ಕೈಯಲ್ಲಿ ಹನ್ನೆರಡು ಲಕ್ಷವಿದ್ದರೆ ಹತ್ತರ ಗಾಡಿ ನೋಡುವುದು ಮೇಲು. ಎರಡು ಲಕ್ಷ ಮೊದಲ ವರ್ಷದ ರಿಪೇರಿಗೆಂದು ಬದಿಗಿರಲಿ. ಮಾರುವವನ ಪರಿಚಯದವನಲ್ಲದ ಮೆಕ್ಯಾನಿಕ್ಕನಿಗೆ ಎರಡು ಮೂರು ಸಾವಿರ ಕೊಟ್ಟು ಗಾಡಿಯನ್ನು ಎತ್ತಿಸಿ ತೋರಿಸಲು ನಮ್ಮವರಿಗೆ ದಾಕ್ಷಿಣ್ಯ. ಹನ್ನೊಂದು ಲಕ್ಷ ಎಣಿಸಿ ಕೊಡಲು ಆ ದಾಕ್ಷಿಣ್ಯವಿಲ್ಲ.

ಭಾವನ ಗಾಡಿ ಈಗ ಅಡಿಕೆ ಒಣಗಿಸುವ ಅಂಗಳದ ಬದಿಯ ಶೆಡ್ಡಿನಲ್ಲಿದೆ. ಮೊನ್ನೆ ಮುಳ್ಳೇರಿಯದ ಕಡೆಯಿಂದ ಒಬ್ಬರು ಕೊಳ್ಳಲು ಬಂದಿದ್ದರು. ಭಾವ ಚಹಾ ಕೊಟ್ಟು, ಸರ್ವಿಸ್ ದಾಖಲೆಯನ್ನೂ ಗೇರ್‌ಬಾಕ್ಸಿನ ಬಿಲ್ಲನ್ನೂ ಅವರ ಮುಂದಿಟ್ಟರು. ಅವರು ಎರಡನ್ನೂ ನಿಧಾನವಾಗಿ ಓದಿದರು, ಉಪಕಾರವಾಯಿತೆಂದರು, ಗಾಡಿಯ ಬಾಗಿಲು ತೆರೆಯದೆಯೇ ಹೊರಟುಹೋದರು.