ಮಗಳ ಫೋಟೊ ಯಾರ ಕೈಯಲ್ಲಿದೆ?

ಒಂದು ಕಾಲದಲ್ಲಿ ನಮ್ಮ ಮನೆಗಳಿಗೆ ಸಂಬಂಧ ತರುತ್ತಿದ್ದವರು ಬ್ರೋಕರ್, ಇಲ್ಲವೇ ನೆಂಟರಲ್ಲಿ ಒಬ್ಬರು. ಹುಡುಗ ಯಾವ ಜಮಾಅತ್‌ನವನು, ಮನೆಯವರು ಯಾರು, ಗಲ್ಫ್‌ನಲ್ಲಿ ಇರುವುದಾದರೆ ಕೆಲಸ ಎಂತದ್ದು ಅಂತ ನಾಲ್ಕು ಕಡೆ ವಿಚಾರಿಸಿದ ಮೇಲೆಯೇ ಮುಂದಿನ ಮಾತು. ಈಗ ಆ ಕೆಲಸದ ದೊಡ್ಡ ಪಾಲು ಮೊಬೈಲ್‌ಗೆ ಬಂದಿದೆ. ಹಿರಿಯರು ವಾಟ್ಸ್ಆ್ಯಪ್‌ನ ಮದುವೆ ಗ್ರೂಪ್‌ಗಳಿಗೆ ಬಯೋಡೇಟಾ ಹಾಕುತ್ತಾರೆ. ಮಕ್ಕಳಲ್ಲಿ ಕೆಲವರು ಪುಕ್ಕಟೆ ಸಿಗುವ ಮ್ಯಾಟ್ರಿಮೋನಿ, ಡೇಟಿಂಗ್ ಆ್ಯಪ್‌ಗಳಲ್ಲಿ ಖಾತೆ ತೆರೆದಿರುತ್ತಾರೆ. ಮನೆಯವರಿಗೆ ಅದು ಗೊತ್ತಿರುವುದು ಅಪರೂಪ.

ಇದು ಸರಿಯೋ ತಪ್ಪೋ ಎಂಬುದನ್ನು ಉಲಮಾಗಳು ಹೇಳುತ್ತಲೇ ಇದ್ದಾರೆ. ಆದರೆ ಮನೆಯಲ್ಲಿ ಗದರಿಸಿದ ಮಾತ್ರಕ್ಕೆ ಆ್ಯಪ್ ಮೊಬೈಲ್‌ನಿಂದ ಹೋಗುವುದಿಲ್ಲ, ಕಣ್ಣಿಗೆ ಬೀಳದ ಜಾಗಕ್ಕೆ ಹೋಗುತ್ತದೆ. ಮೋಸಗಾರನಿಗೆ ಬೇಕಾದ್ದೂ ಅದೇ. ಅವನ ಬಂಡವಾಳ ನಮ್ಮ ಭಯ. ಮನೆಯಲ್ಲಿ ಗೊತ್ತಾದರೆ ಮುಗಿದೇ ಹೋಯ್ತು ಅಂತ ಮಕ್ಕಳಿಗೆ ಅನಿಸುವಷ್ಟು ದಿನ ಅವನ ವ್ಯಾಪಾರ ಚೆನ್ನಾಗಿಯೇ ನಡೆಯುತ್ತದೆ.

ಮೊದಲಿಗೆ ಈ 'ಪುಕ್ಕಟೆ' ಎಂಬ ಮಾತನ್ನು ನೋಡೋಣ. ಹಣ ಕೇಳದ ಆ್ಯಪ್ ನಡೆಯುವುದು ಹೆಚ್ಚಾಗಿ ನಾವು ಕೊಡುವ ವಿವರಗಳ ಮೇಲೆ. ಹೆಸರಿನಲ್ಲಿ 'ಮುಸ್ಲಿಂ' ಅಂತ ಇದ್ದರೆ ನಂಬಬಹುದು ಎಂಬ ಭಾವನೆ ನಮ್ಮಲ್ಲಿ ಹಲವರಿಗೆ ಇದೆ. 2016ರಲ್ಲಿ 'ಮುಸ್ಲಿಂ ಮ್ಯಾಚ್' ಎಂಬ ವೆಬ್‌ಸೈಟ್‌ಗೆ ಕನ್ನ ಬಿತ್ತು. ಸುಮಾರು ಒಂದೂವರೆ ಲಕ್ಷ ಬಳಕೆದಾರರ ಇಮೇಲ್, ಪಾಸ್‌ವರ್ಡ್‌ಗಳ ಜತೆಗೆ ಅವರು ಖಾಸಗಿಯಾಗಿ ಬರೆದುಕೊಂಡ ಲಕ್ಷಾಂತರ ಸಂದೇಶಗಳೂ ಹೊರಗೆ ಬಂದವು. 2020ರ ನವೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ನಮಾಝ್ ವೇಳೆ ತಿಳಿಸುವ 'ಮುಸ್ಲಿಂ ಪ್ರೊ' ಮತ್ತು 'ಮುಸ್ಲಿಂ ಮಿಂಗಲ್' ಎಂಬ ಡೇಟಿಂಗ್ ಆ್ಯಪ್, ಬಳಕೆದಾರರು ಎಲ್ಲಿದ್ದಾರೆ ಎಂಬ ಲೊಕೇಶನ್ ಮಾಹಿತಿಯನ್ನು 'ಎಕ್ಸ್-ಮೋಡ್' ಎಂಬ ಕಂಪೆನಿಗೆ ಕೊಡುತ್ತಿದ್ದವು. ಅಲ್ಲಿಂದ ಅದು ಅಮೆರಿಕದ ಸೇನೆಯ ಗುತ್ತಿಗೆದಾರರವರೆಗೂ ಹೋಗಿತ್ತು. ಜೋಡಿ ಹುಡುಕಲು ಕೂತವರಿಗೆ ಇದರ ಸುಳಿವೂ ಇರಲಿಲ್ಲ.

ನಮ್ಮ ದೇಶದಲ್ಲಿ ಆದದ್ದು ಇನ್ನೂ ಮರೆತಿಲ್ಲ. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿ 1ರಂದು 'ಬುಲ್ಲಿ ಬಾಯಿ'. ಮುಸ್ಲಿಂ ಹೆಣ್ಣುಮಕ್ಕಳು ತಮ್ಮ ಖಾತೆಗಳಲ್ಲಿ ಹಾಕಿದ್ದ ಫೋಟೊಗಳನ್ನು ಕದ್ದು, ಅವರನ್ನು ಹರಾಜಿಗೆ ಇಟ್ಟಂತೆ ತೋರಿಸಿದ ಆ್ಯಪ್‌ಗಳು ಅವು. ಆ ಹೆಣ್ಣುಮಕ್ಕಳು ಯಾವ ತಪ್ಪನ್ನೂ ಮಾಡಿರಲಿಲ್ಲ. ದೂರು ಕೊಟ್ಟರು, ಬಹಿರಂಗವಾಗಿ ಮಾತಾಡಿದರು, ಆರೋಪಿಗಳ ಬಂಧನವೂ ಆಯಿತು. ಒಂದು ಫೋಟೊ ಯಾರ ಕೈಗೆ ಸಿಕ್ಕಿ ಎಂತ ಆಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈಗ ಹಿರಿಯರು ಸ್ವಲ್ಪ ತಮ್ಮ ಮೊಬೈಲ್ ನೋಡಿಕೊಳ್ಳಲಿ. ನಾವು ಗ್ರೂಪ್‌ಗೆ ಹಾಕುವ ಬಯೋಡೇಟಾದಲ್ಲಿ ಮಗಳ ಪೂರ್ತಿ ಹೆಸರು, ಹುಟ್ಟಿದ ದಿನಾಂಕ, ಕಾಲೇಜು, ಮನೆಯ ವಿಳಾಸ, ತಂದೆಯ ನಂಬರ್, ಜತೆಗೆ ಎರಡು ಫೋಟೊ. ಇನ್ನೂರು ಮುನ್ನೂರು ಜನ ಇರುವ ಗ್ರೂಪ್‌ನಲ್ಲಿ ಎಷ್ಟು ಮಂದಿಯ ಪರಿಚಯ ನಮಗಿದೆ? ಮ್ಯಾಟ್ರಿಮೋನಿ ವೆಬ್‌ಸೈಟ್‌ಗಳು ಬಳಕೆದಾರರ ಗುರುತಿನ ದಾಖಲೆ ಪಡೆಯಬೇಕು ಅಂತ ಕೇಂದ್ರ ಸರಕಾರ 2016ರ ಜೂನ್‌ನಲ್ಲಿ ಸೂಚನೆ ಕೊಟ್ಟಿತ್ತು. ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಆ ತಪಾಸಣೆ ಮಾಡುವವರು ಯಾರು? ಮದುವೆ ನಿಶ್ಚಯವಾಗಿ, ನಿಕಾಹ್ ಮುಗಿದು, ಮಗು ಆದ ಮೇಲೂ ಆ ಬಯೋಡೇಟಾ ಎಲ್ಲೋ ತಿರುಗುತ್ತಲೇ ಇರುತ್ತದೆ. ಅದೇ ಫೋಟೊ, ಅದೇ ವಿವರ ಇಟ್ಟುಕೊಂಡು ಅವಳ ಹೆಸರಲ್ಲಿ ನಕಲಿ ಖಾತೆ ತೆರೆಯುವುದು ಐದು ನಿಮಿಷದ ಕೆಲಸ. ಮಗಳಿಗೆ ಬುದ್ಧಿ ಹೇಳುವ ಮೊದಲು ನಾವೇ ಹಂಚಿದ್ದೆಷ್ಟು ಅಂತ ಲೆಕ್ಕ ಹಾಕಬೇಕು.

ಹಾಗಾದರೆ ಎಂತ ಮಾಡಬೇಕು? ಗ್ರೂಪ್‌ಗೆ ಹಾಕುವ ಬಯೋಡೇಟಾದಲ್ಲಿ ವಯಸ್ಸು, ವಿದ್ಯಾಭ್ಯಾಸ, ತಾಲೂಕು ಇದ್ದರೆ ಸಾಕು. ಫೋಟೊ, ವಿಳಾಸ, ಹುಟ್ಟಿದ ದಿನಾಂಕ ಇವೆಲ್ಲ ವಿಚಾರಣೆ ಮುಗಿದು, ಎರಡೂ ಮನೆಯವರು ಮಾತಾಡಿದ ಮೇಲೆ. ಆಧಾರ್, ಪಾಸ್‌ಪೋರ್ಟ್ ಪ್ರತಿ ಯಾರಿಗೂ ಕಳಿಸಬಾರದು.

ಆ್ಯಪ್ ಬಳಸುವವರು ಅದಕ್ಕೆಂದೇ ಬೇರೆ ಇಮೇಲ್ ಇಟ್ಟುಕೊಳ್ಳಲಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ ಇರುವ ಫೋಟೊವನ್ನೇ ಇಲ್ಲಿಯೂ ಹಾಕಿದರೆ, ಗೂಗಲ್‌ನಲ್ಲಿ ಫೋಟೊ ಕೊಟ್ಟು ಹುಡುಕಿದವನಿಗೆ ಹೆಸರು, ಕಾಲೇಜು, ಗೆಳತಿಯರು ಎಲ್ಲ ಸಿಗುವ ಸಾಧ್ಯತೆ ಇದೆ. ಕಾಲೇಜ್ ಯೂನಿಫಾರಂ, ಮನೆಯ ಗೇಟು, ಗಾಡಿಯ ನಂಬರ್ ಕಾಣುವ ಫೋಟೊ ಬೇಡವೇ ಬೇಡ. ಲೊಕೇಶನ್ ಮತ್ತು ಕಾಂಟಾಕ್ಟ್ಸ್ ನೋಡಲು ಆ್ಯಪ್ ಅನುಮತಿ ಕೇಳಿದರೆ ಬೇಡ ಅಂತ ಒತ್ತಿ. ಪರಿಚಯವಾದ ಎರಡೇ ದಿನಕ್ಕೆ ವಾಟ್ಸ್ಆ್ಯಪ್ ನಂಬರ್ ಕೇಳುವವನ ಬಗ್ಗೆ ಎಚ್ಚರ ಇರಲಿ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ಮೊಬೈಲ್‌ನಿಂದ ಆ್ಯಪ್ ತೆಗೆದರೆ ಖಾತೆ ಅಳಿಯುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಮೊದಲು ಖಾತೆಯನ್ನು ಡಿಲೀಟ್ ಮಾಡಬೇಕು, ಆಮೇಲೆ ಆ್ಯಪ್ ತೆಗೆಯಬೇಕು.

ಹಣದ ಮೋಸಕ್ಕೂ ಕೆಲವು ಹಳೇ ದಾರಿಗಳಿವೆ. ಲಂಡನ್‌ನ ಡಾಕ್ಟರ್, ಹಡಗಿನ ಇಂಜಿನಿಯರ್ ಅಂತ ಪರಿಚಯ. ವಿಡಿಯೋ ಕಾಲ್‌ಗೆ ಮಾತ್ರ ಸಿಗುವುದಿಲ್ಲ. ಕೆಲವು ವಾರದಲ್ಲಿ ನಿಮಗೊಂದು ಗಿಫ್ಟ್ ಕಳಿಸಿದ್ದೇನೆ ಅನ್ನುತ್ತಾನೆ. ಮರುದಿನ ದಿಲ್ಲಿ ಕಸ್ಟಮ್ಸ್‌ನಿಂದ ಅಂತ ಫೋನ್, ಪಾರ್ಸೆಲ್ ಬಿಡಿಸಲು ಹಣ ಹಾಕಿ ಅಂತ. ಗಂಡುಮಕ್ಕಳಿಗೆ ಬೇರೆ ಬಲೆ. ಗೊತ್ತಿಲ್ಲದ ಹೆಣ್ಣಿನ ವಿಡಿಯೋ ಕಾಲ್ ಬರುತ್ತದೆ, ಅದನ್ನು ರೆಕಾರ್ಡ್ ಮಾಡುತ್ತಾರೆ, 'ನಿನ್ನ ಮನೆಯವರಿಗೆ ಕಳಿಸ್ತೇವೆ' ಅಂತ ಬೆದರಿಕೆ. ಮನೆಯಿಂದ ದೂರ, ರೂಮಿನಲ್ಲಿ ಒಬ್ಬನೇ ಇರುವ ನಮ್ಮ ಗಲ್ಫ್ ಹುಡುಗರು ಇದಕ್ಕೆ ಸುಲಭದ ತುತ್ತು. ಮಾನ ಹೋಗುವ ಭಯ ಗಂಡಸರಿಗೂ ಇದೆ, ಅವರು ಬಾಯಿ ಬಿಡುವುದು ಇನ್ನೂ ಕಮ್ಮಿ.

ಸಿಕ್ಕಿಬಿದ್ದರೆ ಮೊದಲ ಮಾತು, ಹಣ ಕೊಡಬೇಡಿ. ಒಮ್ಮೆ ಕೊಟ್ಟವನನ್ನು ಅವರು ಮತ್ತೆ ಕೇಳುತ್ತಾರೆ. ಹೆದರಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ನಂಬರ್, ಪ್ರೊಫೈಲ್, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟು ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಕೇಂದ್ರ ಸರಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ, ಹೆಣ್ಣುಮಕ್ಕಳ ಅಶ್ಲೀಲ ಫೋಟೊ, ವಿಡಿಯೋಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಮಂಗಳೂರು, ಉಡುಪಿಯಲ್ಲಿ ಸೆನ್ ಪೊಲೀಸ್ ಠಾಣೆಗಳು ಇಂಥ ಪ್ರಕರಣಗಳಿಗೇ ಇವೆ. ಖಾಸಗಿ ಫೋಟೊ ಹರಡುವ ಭಯ ಇದ್ದರೆ 'ಸ್ಟಾಪ್ ಎನ್‌ಸಿಐಐ' ಎಂಬ ವೆಬ್‌ಸೈಟ್ ಇದೆ. ಅಲ್ಲಿ ಫೋಟೊ ನಿಮ್ಮ ಮೊಬೈಲ್‌ನಿಂದ ಹೊರಗೆ ಹೋಗುವುದಿಲ್ಲ, ಅದರ ಒಂದು ಸಂಕೇತ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಕಡೆ ಅದೇ ಫೋಟೊ ಯಾರಾದರೂ ಹಾಕಿದರೆ ಆ ಸಂಕೇತದಿಂದ ಗುರುತಿಸಿ ತಡೆಯಲು ಆಗುತ್ತದೆ. ಹದಿನೆಂಟು ತುಂಬದ ಮಕ್ಕಳಿಗೆ 'ಟೇಕ್ ಇಟ್ ಡೌನ್' ಎಂಬ ಇಂಥದೇ ಸೇವೆ ಇದೆ.

ಕಾನೂನು ಸುಮ್ಮನೆ ಕೂತಿಲ್ಲ. ಬೇರೊಬ್ಬರ ಹೆಸರಲ್ಲಿ ಆನ್‌ಲೈನ್ ಮೋಸ ಮಾಡಿದರೆ ಐಟಿ ಕಾಯ್ದೆಯ ಸೆಕ್ಷನ್ 66ಡಿ ಪ್ರಕಾರ ಮೂರು ವರ್ಷದವರೆಗೆ ಜೈಲು. ಬೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 308ರಡಿ ಸುಲಿಗೆ. ಯುಎಇಯ 2021ರ ಸೈಬರ್ ಕಾನೂನಿನಲ್ಲಿ ಒಪ್ಪಿಗೆ ಇಲ್ಲದೆ, ಖಾಸಗಿತನಕ್ಕೆ ಧಕ್ಕೆ ತರುವಂತೆ ಇನ್ನೊಬ್ಬರ ಫೋಟೊ ಹಂಚುವುದೂ ಅಪರಾಧ. ಊರಿನ ಗ್ರೂಪ್‌ನಲ್ಲಿ ಬಂದದ್ದನ್ನು ಅಲ್ಲಿ ಕೂತು ಫಾರ್ವರ್ಡ್ ಮಾಡುವವರು ಇದನ್ನು ನೆನಪಿಡಲಿ.

ಮೊಹಲ್ಲಾದ ಜವಾಬ್ದಾರಿಯೂ ಇದೆ. ಯಾರದೋ ಮಗಳ ಸ್ಕ್ರೀನ್‌ಶಾಟ್ ಬಂದಾಗ 'ಇದು ಯಾರು ಗೊತ್ತುಂಟಾ' ಅಂತ ಮುಂದೆ ಕಳಿಸುವವನು ಬ್ಲ್ಯಾಕ್‌ಮೇಲ್ ಮಾಡುವವನ ಕೆಲಸವನ್ನೇ ಸಂಬಳವಿಲ್ಲದೆ ಮಾಡುತ್ತಾನೆ. ಇನ್ನೊಬ್ಬರ ಗುಟ್ಟು ಕೆದಕುವುದನ್ನು, ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಸೂರಾ ಹುಜುರಾತ್ ತಡೆಯುತ್ತದೆ ಎಂಬುದು ನಮಗೆ ಮದ್ರಸದಿಂದಲೇ ಗೊತ್ತು. ಮದುವೆ ಗ್ರೂಪ್ ನಡೆಸುವವರು ಸಂಬಂಧ ಕೂಡಿ ಬಂದ ಕೂಡಲೇ ಬಯೋಡೇಟಾ ಅಳಿಸಲು ಎಲ್ಲರಿಗೂ ಹೇಳಲಿ. ಜಮಾಅತ್ ಕಮಿಟಿಗಳು ಗುಟ್ಟು ಉಳಿಸಿಕೊಳ್ಳಬಲ್ಲ ಇಬ್ಬರನ್ನಾದರೂ, ಅದರಲ್ಲಿ ಒಬ್ಬರು ಹೆಂಗಸು, ಇಂಥ ವಿಷಯಕ್ಕೆಂದೇ ಗೊತ್ತುಮಾಡಲಿ.

ಎಲ್ಲಕ್ಕಿಂತ ಮೊದಲು ಮನೆ. ಅಪ್ಪ ಹೊಡೆಯುತ್ತಾರೆ, ಉಮ್ಮ ಅಳುತ್ತಾರೆ, ಕಾಲೇಜು ಬಿಡಿಸುತ್ತಾರೆ ಅಂತ ಹೆದರಿದ ಮಗು ಬೆದರಿಸುವವನಿಗೆ ಬಳೆ ಮಾರಿಯಾದರೂ ಹಣ ಕೊಡುತ್ತದೆ. ಅದಾಗದಾಗ ಜೀವ ಕಳಕೊಳ್ಳುವ ಯೋಚನೆಗೂ ಹೋಗಬಹುದು. ತಪ್ಪಾಗಿದ್ದರೆ ತಿದ್ದಲು ಆಮೇಲೆ ಬೇಕಾದಷ್ಟು ಸಮಯ ಇದೆ. ಈ ವಾರವೇ ಮಕ್ಕಳನ್ನು ಕರೆದು, ಊರಲ್ಲಿ ಇಲ್ಲದವರಿಗೆ ಫೋನ್ ಮಾಡಿ, ಒಂದು ಮಾತು ಹೇಳಿಬಿಡಿ: 'ಎಂತ ಆದ್ರೂ ಮೊದ್ಲು ನಂಗೆ ಹೇಳು. ಬೈಯುವುದಿಲ್ಲ.' ಹೇಳಿದ ಮೇಲೆ ಆ ಮಾತಿಗೆ ನಿಲ್ಲಿ.