ಮೂಕಿ ಚಿತ್ರದಲ್ಲಿ ಹಾಡಿದ ಹುಡುಗಿ!

ಮೂಕಿ ಚಿತ್ರದಲ್ಲಿ ಹಾಡೆಲ್ಲಿಂದ ಬಂತು ಸ್ವಾಮಿ ಅಂತೀರಾ? ಬಂದಿತ್ತು! 1919ರಲ್ಲಿ ಹೊಸೆ ನೆಪೊಮುಸೆನೊ ತೆಗೆದ ‘ದಲಗಾಂಗ್ ಬುಕಿದ್’, ಅಂದ್ರೆ ‘ಹಳ್ಳಿ ಹುಡುಗಿ’, ಫಿಲಿಪೈನ್ಸ್‌ನವರೇ ತಯಾರಿಸಿದ ಮೊದಲ ಕಥಾಚಿತ್ರ. ನಾಯಕಿ ಆತಾಂಗ್ ದೆ ಲಾ ರಾಮಾ. ಹೆತ್ತವರು ಮುದಿ ಸಾಹುಕಾರನಿಗೆ ಕಟ್ಟಲು ಹೊರಟ, ಹೂ ಮಾರುವ ಹುಡುಗಿಯ ಪಾತ್ರ. ನಾಟಕದಲ್ಲೂ ಅದನ್ನೇ ಮಾಡಿ ಗೆದ್ದಿದ್ದಳು. ತೆರೆ ಮೇಲೆ ಅವಳ ತುಟಿ ಆಡ್ತಿದ್ರೆ, ಥಿಯೇಟರಿನಲ್ಲಿ ಖುದ್ದು ಅವಳೇ ನಿಂತು ಹಾಡ್ತಿದ್ಲು!

ಮುಂದೆ ಕವಿ, ಕಾರ್ಮಿಕ ನಾಯಕ ಅಮಾದೊ ಹೆರ್ನಾಂಡೆಸ್‌ನ ಕೈಹಿಡಿದಳು. 1951ರಲ್ಲಿ ಗಂಡ ಜೈಲು ಸೇರಿದ; ಐದು ವರ್ಷ ಒಳಗೇ. 1987ರಲ್ಲಿ ದೇಶ ಆಕೆಯನ್ನು ‘ರಾಷ್ಟ್ರೀಯ ಕಲಾವಿದೆ’ ಎಂದು ಗೌರವಿಸಿತು. 1991ರಲ್ಲಿ ಕಣ್ಣು ಮುಚ್ಚಿದಳು.

ಆ ಚಿತ್ರದ ಪ್ರಿಂಟು ಮಾತ್ರ ಉಳಿದಿಲ್ಲ. ಅಂದು ಟಿಕೆಟ್ ಕೊಂಡು ಕೂತವರೇ ಪುಣ್ಯವಂತರು!