ಬೆಂಚಿನ ನಡುವೆ ಕೂತ ಹುಡುಗ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆ ದಿನಬೆಳಗಾದರೆ ಸುದ್ದಿಯಲ್ಲಿತ್ತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ವರದಿ. ಅವರಲ್ಲಿ ಹಲವರು ಎಳೆಯ ಪ್ರಾಯದವರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರೆಗೂ ಭಯ ಹಬ್ಬಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಇಸಿಜಿಗಾಗಿ ಜನ ಸಾಲುಗಟ್ಟಿದರು. ಕೋವಿಡ್ ಲಸಿಕೆಯ ಮೇಲೂ ಗೂಬೆ ಕೂರಿಸಿದ್ದಾಯಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ, ಅಸಹಜ ಏರಿಕೆಯೂ ಆಗಿಲ್ಲ ಎಂದಿತು. ಗಾಬರಿ ಇಳಿಯಿತು. ಮೃತರಲ್ಲಿ ಶೇ 30ಕ್ಕೂ ಹೆಚ್ಚು ಮಂದಿ ಆಟೊ, ಕ್ಯಾಬ್ ಚಾಲಕರೆಂಬ ಅಂಶ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಕೂತೇ ದುಡಿಯುವ ಚಾಲಕರ ಹೃದಯದ್ದು ಹಳೆಯ ಕಥೆಯೇ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿದ. ಇಡೀ ದಿನ ಸೀಟಿಗಂಟಿದ ಡ್ರೈವರನಿಗೆ ಹೋಲಿಸಿದರೆ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರನಿಗೆ ಹೃದ್ರೋಗ ಕಡಿಮೆಯಿತ್ತು. ಆಮೇಲೆ ಅದೇ ಮಾರಿಸ್ ಸಮವಸ್ತ್ರದ ಅಳತೆ ನೋಡಿದರೆ, ಡ್ರೈವರುಗಳ ಪ್ಯಾಂಟು ಮೊದಲಿಂದಲೂ ಸೊಂಟದಲ್ಲಿ ದೊಡ್ಡದು! ಹಾಗಾಗಿ ಎಲ್ಲವನ್ನೂ ಸೀಟಿನ ತಲೆಗೆ ಕಟ್ಟುವಂತಿಲ್ಲ. ನಮ್ಮ ಚಾಲಕರ ವಿಷಯದಲ್ಲೂ ಬೀಡಿ, ನಿದ್ದೆಗೇಡು, ಹೊತ್ತು ಮೀರಿದ ಊಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಆದರೆ ಕೂರುವ ಅಭ್ಯಾಸ ಸ್ಟೇರಿಂಗ್ ಹಿಡಿದ ಮೇಲೆ ಶುರುವಾಗುವುದಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ 2019ರಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ. ಹೆಮ್ಮೆಯ ವಿಷಯವೇ. ಆದರೆ ಯಾವ ಜಿಲ್ಲೆಯಲ್ಲೇ ಆಗಲಿ, ಹತ್ತನೇ ತರಗತಿ ಎಂದರೆ ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಟ್ಯೂಷನ್ನು, ರಾತ್ರಿ ಮನೆಯಲ್ಲಿ ‘ಕೂತ್ಕೊಂಡು ಓದು’. ಮೂವರು ಕೂರುವ ಬೆಂಚಿನಲ್ಲಿ ನಡುವಿನವನನ್ನು ಗಮನಿಸಿ. ಅವನು ಏಳಬೇಕಾದರೆ ಪಕ್ಕದವನು ಎದ್ದು ದಾರಿ ಬಿಡಬೇಕು, ಮೇಷ್ಟ್ರು ‘ಏನೋ ಅದು?’ ಎನ್ನುತ್ತಾರೆ. ಆ ಗೊಡವೆಯೇ ಬೇಡವೆಂದು ಊಟದ ಗಂಟೆಯವರೆಗೂ ಅಲ್ಲಾಡದೆ ಕೂತಿರುತ್ತಾನೆ. ಎದ್ದು ನಿಲ್ಲುವುದು ನಮ್ಮ ಶಾಲೆಗಳಲ್ಲಿ ಇಂದಿಗೂ ಶಿಕ್ಷೆ!

ಅವನ ಮೀನಖಂಡ ಅಷ್ಟು ಹೊತ್ತೂ ಕೆಲಸವಿಲ್ಲದೆ ಬಿದ್ದಿರುತ್ತದೆ. ಕಾಲಿನ ಸ್ನಾಯು ಹಿಗ್ಗಿ ಕುಗ್ಗುವಾಗ ರಕ್ತದಲ್ಲಿನ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಅದಕ್ಕೆ ಇನ್ಸುಲಿನ್‌ನ ಹಂಗು ಹೆಚ್ಚಿಲ್ಲ. ಸುಮ್ಮನೆ ಕೂತರೆ ಆ ಭಾರವೆಲ್ಲ ಮೇದೋಜೀರಕ ಗ್ರಂಥಿಯ ಮೇಲೆ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 7ರಿಂದ 11 ವರ್ಷದ ಮಕ್ಕಳನ್ನು ಒಂದು ದಿನ ಮೂರು ಗಂಟೆ ಒಂದೇ ಸಮನೆ ಕೂರಿಸಿದರು, ಇನ್ನೊಂದು ದಿನ ಅರ್ಧ ಗಂಟೆಗೊಮ್ಮೆ ಮೂರು ನಿಮಿಷ ನಡೆಸಿದರು. ನಡೆದ ದಿನ ಸಕ್ಕರೆಯೂ ಇನ್ಸುಲಿನ್ನೂ ಕಡಿಮೆಯಿದ್ದವು. ಸಂಜೆ ಕ್ರಿಕೆಟ್ ಆಡ್ತಾನಲ್ಲ ಎಂದು ಸಮಾಧಾನಪಡುವ ಅಪ್ಪಂದಿರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ಹೇಳಿ, ಕೂರುವ ಹೊತ್ತನ್ನೂ ಕಡಿಮೆ ಮಾಡಿ ಎಂದು ಬೇರೆಯಾಗಿಯೇ ಹೇಳಿದೆ.

ಇನ್ನು ಬುದ್ಧಿಯ ಮಾತು. ಎರಡು ನಿಮಿಷ ಎದ್ದರೆ ರ‍್ಯಾಂಕ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅಂಥ ಪುರಾವೆ ಇಲ್ಲ. 2009ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ತಂಡ ತೋರಿಸಿದ್ದು ಇಷ್ಟು: 20 ನಿಮಿಷ ನಡೆದು ಬಂದ ಮಕ್ಕಳು, ಕೂತೇ ಇದ್ದಾಗಿನದಕ್ಕಿಂತ ಹೆಚ್ಚು ಗಮನವಿಟ್ಟು ಉತ್ತರಿಸಿದರು, ಓದಿನ ಪರೀಕ್ಷೆಯಲ್ಲೂ ಮೇಲಾದರು. 2018ರ ಲಿವರ್‌ಪೂಲ್ ಅಧ್ಯಯನದಲ್ಲಿ, ನಾಲ್ಕು ಗಂಟೆ ಕೂತ ಕಚೇರಿ ನೌಕರರ ಮಿದುಳಿಗೆ ಹರಿಯುವ ರಕ್ತ ಕಡಿಮೆಯಾಯಿತು. ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ನಡೆದಾಗ ಹಾಗಾಗಲಿಲ್ಲ. ಓದಿಗೆ ನಷ್ಟವಾಗುತ್ತದೆಂಬ ಭಯವನ್ನಾದರೂ ಬಿಡಲು ಇಷ್ಟು ಸಾಕು.

ಇದಕ್ಕೆ ಸರ್ಕಾರದ ಸುತ್ತೋಲೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಪಾಠದ ನಡುವೆ ಒಮ್ಮೆ ಎಲ್ಲರನ್ನೂ ಎಬ್ಬಿಸಿ, ಬೋರ್ಡಿನ ಲೆಕ್ಕಕ್ಕೆ ನಡುವಿನ ಹುಡುಗನನ್ನೇ ಕರೆಯಿರಿ. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದೇ ಕೋರಿಕೆ: ಪೋರ್ಷನ್ ಮುಗಿದಿಲ್ಲ ಎಂದು ಗಣಿತದ ಮೇಷ್ಟ್ರು ಪಿ.ಟಿ. ಪೀರಿಯಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.